ಗೆರೆಗಳ ನಡುವೆ ಉಳಿದದ್ದು

ಕುರ್ಲಾ ಸ್ಟೇಷನ್ ಹೊರಗೆ ಗುಜರಿಯವನ ಬಳಿ ಇವತ್ತೊಂದು ಹಳೆಯ ಫೋನು ಕಂಡಿತು. ರಿಸೀವರ್ ಎತ್ತಿದೆ. ಆ ಪ್ಲಾಸ್ಟಿಕ್ಕಿನ ವಾಸನೆಗೆ ಬೊರಿವಲಿಯ ನಮ್ಮ ಮನೆ ನೆನಪಾಯಿತು.

ಅಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರ್. ಏನನ್ನು ವಿವರಿಸಬೇಕಾದರೂ ಪೇಪರಿನ ಅಂಚಿನಲ್ಲಿ ಚಿತ್ರ ಬರೆಯುತ್ತಿದ್ದರು. ಅವರ ಎಕ್ಸ್‌ಚೇಂಜಿಗೆ ಹೊಸದಾಗಿ ಬಂದಿದ್ದ ಪಲ್ಸ್ ಕೋಡ್ ಮಾಡ್ಯುಲೇಶನ್ ಎಂದರೇನೆಂದು ತಿಳಿಸಲು ದನಿಯದೆಂದು ಒಂದು ಅಲೆ ಬರೆದು, ಅದರ ಮೇಲೆ ಒತ್ತೊತ್ತಾಗಿ ನೇರ ಗೆರೆಗಳನ್ನು ಎಳೆದರು.

"ಸೆಕೆಂಡಿಗೆ ಎಂಟು ಸಾವಿರ ಸಲ ದನಿ ಅಳೀತೀವಿ ಪುಟ್ಟಿ. ತಂತಿಯಲ್ಲಿ ಹೋಗೋದು ಬರೀ ಅಂಕಿ. ಆ ಕಡೆ ಅದೇ ಮತ್ತೆ ದನಿ ಆಗುತ್ತೆ."

"ಗೆರೆಗಳ ನಡುವೆ ಇರೋದು?"

"ಅದನ್ನ ಕಳಿಸಲ್ಲ. ಕಿವಿಗೆ ಗೊತ್ತಾಗಲ್ಲ."

ಆಗ ಅಮ್ಮ ಆಪರೇಶನ್ನಿಗೆಂದು ಮೈಸೂರಿನ ಅಜ್ಜಿಯ ಮನೆಗೆ ಹೋಗಿದ್ದಳು. ಫೋನಿನಲ್ಲಿ "ಚೆನ್ನಾಗಿದ್ದೀನಿ ಕಣೆ" ಎಂದಾಗ ನನಗೆ ಭಯವಾಯಿತು. ಅವಳ ನೋವೆಲ್ಲ ಆ ಸಂದುಗಳಲ್ಲೇ ಉಳಿದುಹೋಗಿದ್ದರೆ?

"ಅಮ್ಮಾ, ಎಳೆದು ಹೇಳು. ಸಂದಿನಲ್ಲಿರೋದೂ ಬರಲಿ."

"ಚೆ...ನ್ನಾ...ಗಿ...ದ್ದೀ...ನಿ. ಸಾಕೇನೆ? ಇದೇನು ಸಂಗೀತದ ಪಾಠವಾ?"

ಪಕ್ಕದಲ್ಲಿದ್ದ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಅಮ್ಮ ಮನೆಗೆ ಬಂದು ಎಷ್ಟೋ ದಿನಗಳಾದ ಮೇಲೆ, ಅಕ್ಕಿ ಆರಿಸುತ್ತಾ ಹೇಳಿದಳು: "ಅವತ್ತು ಎದ್ದು ಕೂರೋಕೂ ಆಗ್ತಿರಲಿಲ್ಲ. ನೀನು ಹೆದರ್ತೀಯ ಅಂತ ಹಾಗಂದೆ." ಅಪ್ಪನ ಯಂತ್ರ ಏನನ್ನೂ ಬಿಟ್ಟಿರಲಿಲ್ಲ. ಬಿಟ್ಟವಳು ಅಮ್ಮ.

ಇವತ್ತು ಸಂಜೆ ಪುಣೆಯ ಹಾಸ್ಟೆಲ್ಲಿನಿಂದ ಮಗಳ ಫೋನು. "ಆಲ್ ಓಕೆ ನಾ, ಅಮ್ಮಾ?" ನಾಳೆ ನನ್ನ ಬಯಾಪ್ಸಿ ರಿಪೋರ್ಟ್ ಬರಬೇಕು. ಚೆನ್ನಾಗಿದ್ದೀನಿ ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಉಳಿದದ್ದನ್ನು ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.