ಅಕ್ಕ ತೊಳೆದಿಟ್ಟ ಆಯಿಲ್ ಡಬ್ಬಿಗಳು

ನಾನು ಸುಲಭಕ್ಕೆ ಯಾರನ್ನೂ ನಂಬುವವನಲ್ಲ. ಚಹಾದಂಗಡಿಯವನು ಕೊಟ್ಟ ಬಿಸ್ಕತ್ತನ್ನೂ ತಿರುಗಿಸಿ ಮುರುಗಿಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಲಾರಿ ಇಟ್ಟುಕೊಂಡವನಿಗೆ ಈ ಗುಣ ತಾನಾಗಿ ಅಂಟಿಕೊಳ್ಳುತ್ತದೆ. ಡೀಸೆಲ್ ಹಾಕುವವನ ಕೈ, ತೂಕದ ಕಾಟಾ ಹಿಡಿಯುವವನ ಕಣ್ಣು, ಟೈರಿಗೆ ಗಾಳಿ ತುಂಬುವವನ ಮೀಟರು, ಎಲ್ಲದರ ಮೇಲೂ ನನಗೆ ಗುಮಾನಿ. ಶಹಾಪುರದಲ್ಲಿರುವ ಅಕ್ಕ ಒಬ್ಬಳನ್ನು ಮಾತ್ರ ಇದರಿಂದ ಹೊರಗಿಟ್ಟಿದ್ದೆ. ಇಂಜಿನ್ ಆಯಿಲಿನ ದೆಸೆಯಿಂದ ಅವಳ ಮೇಲೂ ಗುಮಾನಿ ಬಂತು.

ನನ್ನದು ಯಾದಗಿರಿ. ಇರುವುದು ಒಂದೇ ಲಾರಿ, ನಾನೇ ಡ್ರೈವರು. ಸುಗ್ಗಿ ಶುರುವಾದರೆ ನಾರಾಯಣಪುರದ ಕಾಲುವೆ ನೀರಿನ ಭತ್ತ ತುಂಬಿಕೊಂಡು, ಸುರಪುರ, ಶಹಾಪುರ ದಾಟಿ ನಮ್ಮೂರ ಕಡೆಯ ಮಿಲ್ಲುಗಳಿಗೆ ಇಳಿಸಬೇಕು. ಮೈತುಂಬ ಲೋಡು, ನೆತ್ತಿ ಸುಡುವ ಬಿಸಿಲು. ಮಿಲ್ಲಿನ ಮುಂದೆ ಸಾಲಿನಲ್ಲಿ ನಿಂತಾಗಲೂ ಇಂಜಿನ್ನಿಗೆ ಬಿಡುವಿಲ್ಲ. ಇಂಥ ಇಂಜಿನ್ನಿಗೆ ಯಾವ ಆಯಿಲ್ ಹಾಕಬೇಕು ಎಂದು ಕೇಳಿದರೆ ಬಾಯಿಗೊಂದು ಮಾತು. ಹಳೆ ಗಾಡಿಗೆ ಗಟ್ಟಿ ಆಯಿಲೇ ಬೇಕು ಅನ್ನುವವರು ಕೆಲವರು, ಬೇಗ ಕಪ್ಪಾದರೆ ಆ ಆಯಿಲ್ ಖೋಟಾ ಅನ್ನುವವರು ಕೆಲವರು. ಲಾರಿಯ ಜೊತೆ ಬಂದ ಪುಸ್ತಕ ಹದಿನೈದು-ನಲವತ್ತು ನಂಬರಿನದನ್ನು ಹಾಕು ಅನ್ನುತ್ತದೆ. ತಣ್ಣಗಿದ್ದಾಗ ಸಲೀಸಾಗಿ ಹರಿಯಬೇಕು, ಕಾದಾಗ ತೀರಾ ನೀರಾಗಬಾರದು, ಇಷ್ಟೇ ಅದರ ಅರ್ಥ. ಕಪ್ಪಾದರೆ ಒಳಗಿನ ಮಸಿ ತೊಳೆಯುತ್ತಿದೆ ಎಂದು ಸುಮ್ಮನಿರಬಹುದು, ತೆಳ್ಳಗಾದರೆ ಮಾತ್ರ ಹೆದರಬೇಕು. ಪುಸ್ತಕಕ್ಕೆ ಯಾರೂ ಕಮಿಷನ್ ಕೊಡುವುದಿಲ್ಲವಲ್ಲ ಎಂದು ನಾನು ಅದರ ಮಾತನ್ನೇ ಕೇಳಿದೆ.

ಆ ನಂಬರಿನ ಆಯಿಲನ್ನು ಅಕ್ಕನ ಗಂಡನ ಅಂಗಡಿಯಲ್ಲಿ ಕೊಳ್ಳುತ್ತಿದ್ದೆ. ನಾವು ಅವರನ್ನು ಮಾವ ಅನ್ನುತ್ತೇವೆ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಮುಂದೆಯೇ ಹಳೆ ಆಯಿಲ್ ಇಳಿಸಿ ಹೊಸದು ಸುರಿಯುವಷ್ಟರಲ್ಲಿ ಒಳಗೆ ಅಕ್ಕ ನನಗಾಗಿ ರೊಟ್ಟಿ ಬಡಿದಿರುತ್ತಿದ್ದಳು. ನಮ್ಮ ಲಾರಿಯವರಲ್ಲಿ ಒಂದು ರೂಢಿ ಇದೆ. ಆಯಿಲ್ ಸುರಿದ ಕೂಡಲೇ ಖಾಲಿ ಡಬ್ಬಿಯ ತಳಕ್ಕೆ ಮೊಳೆ ಹೊಡೆದು ತೂತು ಮಾಡುತ್ತೇವೆ. ಅದರಲ್ಲಿ ಯಾರೂ ಮತ್ತೆ ಕಲಬೆರಕೆ ತುಂಬಿ ಮಾರಬಾರದು. ಬೇರೆ ಎಲ್ಲ ಕಡೆ ನಾನೂ ಹೊಡೆಯುತ್ತಿದ್ದೆ. ಅಕ್ಕನ ಮನೆ ಮುಂದೆ ಮೊಳೆ ತೆಗೆದರೆ ಮಾವನ ಮುಖಕ್ಕೇ ಕಳ್ಳ ಅಂದಂತೆ ಆಗುತ್ತದೆ ಎಂದು ಅಲ್ಲಿ ಮಾತ್ರ ಡಬ್ಬಿಗಳನ್ನು ಹಾಗೆಯೇ ಬಿಟ್ಟು ಬರುತ್ತಿದ್ದೆ.

ಈಚಿನ ಒಂದು ಸುಗ್ಗಿಯಲ್ಲಿ ಸುರಪುರದ ಏರು ಹತ್ತುವಾಗ ಆಯಿಲ್ ಪ್ರೆಶರಿನ ಮುಳ್ಳು ಕೆಳಗೆ ಬೀಳತೊಡಗಿತು. ಮುಳ್ಳು ಬಿದ್ದರೆ ಇಂಜಿನ್ನಿನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ಇಂಜಿನ್ ಹೋದರೆ ನನ್ನ ಮನೆಯ ಒಲೆ ಆರಿದಂತೆಯೇ. ಯಾದಗಿರಿಯ ಮಿಸ್ತ್ರಿ ಕಿವಿಗೊಟ್ಟು ಕೇಳಿ, "ಇಂಜಿನ್ ಬಿಚ್ಚಬೇಕಾಗ್ತದ್ರಿ. ಬೇರಿಂಗ್ ಹೋಗ್ಯಾವ" ಅಂದ. ಇವನಿಗೆ ಕೆಲಸ ಬೇಕಾಗಿದೆ ಅಂದುಕೊಂಡೆ. ಮಾವನಿಗೆ ಫೋನ್ ಮಾಡಿದರೆ, "ಬಿಸಲು ಹಂಗ ಅದ ತಮ್ಮಾ. ಗಟ್ಟಿ ಆಯಿಲ್ ಬಂದದ, ಬಾ, ಹಾಕೋಣು" ಅಂದರು. ಇವರಿಗೆ ವ್ಯಾಪಾರ ಬೇಕಾಗಿದೆ ಅಂದುಕೊಂಡೆ.

ಆದರೂ ಹೋದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಗೋಡೆಯುದ್ದಕ್ಕೂ ಆಯಿಲ್ ಡಬ್ಬಿಗಳನ್ನು ಬೋರಲು ಹಾಕಿ ಒಣಗಲು ಇಟ್ಟಿತ್ತು. ಮೇಲಿನ ಚೀಟಿ ಹರಿದಿಲ್ಲ, ತಳ ತೂತಿಲ್ಲ. ಗುಜರಿಗೆ ಹಾಕುವ ಡಬ್ಬಿಗೆ ಯಾರಾದರೂ ಸೋಪು ಹಚ್ಚುತ್ತಾರೆಯೇ? ಅಕ್ಕನ ಮೊಣಕೈವರೆಗೂ ನೊರೆ ಇತ್ತು.

"ಇವನ್ಯಾಕ ತೊಳ್ಯಾಕತ್ತೀ ಅಕ್ಕಾ?"

"ಅವರು ತೊಳದಿಡು ಅಂದಾರ, ತೊಳ್ಯಾಕತ್ತೀನಿ" ಅಂದಳು. ನನ್ನ ಮುಖ ನೋಡಲಿಲ್ಲ.

ಚಿಕ್ಕವರಿದ್ದಾಗ ತನ್ನ ಪಾಲಿನ ಬೆಲ್ಲವನ್ನೂ ನನ್ನ ಅಂಗೈಗೆ ಹಾಕುತ್ತಿದ್ದವಳು ಇವಳು. ಇವಳಿಗೂ ಗೊತ್ತಿದೆಯೇ, ಗೊತ್ತಿದ್ದೂ ನನ್ನ ಇಂಜಿನ್ನಿಗೆ ಆ ಕಲಬೆರಕೆಯನ್ನು ಸುರಿಯಲು ಬಿಟ್ಟಳೇ? ಅವತ್ತು ಅರ್ಧ ರೊಟ್ಟಿಗೇ ಎದ್ದೆ. ಮಾವ ಕೊಟ್ಟ ಡಬ್ಬಿಯನ್ನು, ಊರಿಗೆ ಹೋಗಿ ಹಾಕಿಕೊಳ್ಳುತ್ತೇನೆ ಎಂದು ಲಾರಿಯೊಳಗಿಟ್ಟು ಹೊರಟೆ.

ಯಾದಗಿರಿಯ ಬೇರೊಂದು ಅಂಗಡಿಯಲ್ಲಿ ಪುಸ್ತಕದಲ್ಲಿದ್ದ ನಂಬರಿನ ಆಯಿಲನ್ನೇ ಕೊಂಡೆ. ಅದರ ಸೀಲನ್ನು ಬಿಸಿಲಿಗೆ ಹಿಡಿದು ನೋಡಿದ್ದಕ್ಕೆ ಅಂಗಡಿಯವನ ಮುಖ ಗಂಟಿಕ್ಕಿತು. ಆಯಿಲ್ ಬದಲಿಸಿ, ಖಾಲಿ ಡಬ್ಬಿಗೆ ಮೊಳೆ ಹೊಡೆದು ಸೀಟಿನ ಹಿಂದೆ ಎಸೆದೆ. ಅಷ್ಟೇ ಲೋಡು ಹೇರಿಕೊಂಡು ಅದೇ ಸುರಪುರದ ಏರು ಹತ್ತಿದೆ. ಮುಳ್ಳು ಅಲ್ಲಾಡಲಿಲ್ಲ. ಬೇರಿಂಗ್ ಸರಿಯಾಗಿಯೇ ಇದ್ದವು.

ಮಾವನ ಅಂಗಡಿಗೆ ಹೋಗುವುದನ್ನು ಬಿಟ್ಟರೆ, ನಿನ್ನ ತಮ್ಮ ಯಾಕೆ ಬರುತ್ತಿಲ್ಲ ಎಂದು ಮಾತು ಕೇಳಬೇಕಾದವಳು ಅಕ್ಕ. ಹಾಗಾಗಿ ಅಲ್ಲಿಯೂ ಕೊಂಡೆ, ಯಾದಗಿರಿಯಲ್ಲಿಯೂ ಕೊಂಡೆ. ನೆಂಟಸ್ತನದ ಆಯಿಲನ್ನು ಲಾರಿಯ ಹಿಂಬಾಗಿಲ ಕೊಂಡಿಗಳಿಗೆ ಹಚ್ಚಿದೆ. ಆ ಬಾಗಿಲು ಈಗ ಸದ್ದೇ ಮಾಡುವುದಿಲ್ಲ. ಹೀಗಿರುವಾಗ ಒಮ್ಮೆ ಬುತ್ತಿ ಇಡಲು ಲಾರಿ ಹತ್ತಿದ ಅಕ್ಕ ಬೇಗ ಇಳಿಯಲಿಲ್ಲ. ಸೀಟಿನ ಹಿಂದೆ ಬಿದ್ದಿದ್ದ, ತಳ ತೂತಾದ ಯಾದಗಿರಿಯ ಡಬ್ಬಿಯನ್ನು ಅವಳು ಕೈಯಲ್ಲಿ ಹಿಡಿದು ನೋಡಿದ್ದು ನನಗೆ ಕಂಡಿತು. ಅದನ್ನು ಇದ್ದಲ್ಲಿಯೇ ಇಟ್ಟು ಇಳಿದಳು.

ಮುಂದಿನ ಸಲ ಮಾವ ಬಿಡಲಿಲ್ಲ. ಪ್ರತಿ ಸಲ ಡಬ್ಬಿಯನ್ನು ಊರಿಗೇ ಒಯ್ಯುತ್ತಿದ್ದೆನಲ್ಲ, ಅವರಿಗೂ ನನ್ನ ಮೇಲೆ ಗುಮಾನಿ ಹುಟ್ಟಿತ್ತು. "ಈ ಸಲ ಇಲ್ಲೇ ಬದಲಿ ಮಾಡು. ಡಬ್ಬಿ ಇಲ್ಲೇ ಬಿಡು" ಎಂದು ಹೊಸ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅಕ್ಕ ಹಿತ್ತಲಿನಿಂದ ತೊಳೆದ ಡಬ್ಬಿಗಳನ್ನೆಲ್ಲ ತಂದು ಅಂಗಡಿಯ ಮುಂದೆ ಸುರಿದಳು. ಗಿರಾಕಿಗಳು ನೋಡುತ್ತಿದ್ದಂತೆಯೇ ಕುಕ್ಕರುಗಾಲಲ್ಲಿ ಕೂತು, ಒಂದೊಂದರ ತಳಕ್ಕೂ ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿದಳು. ಕೊನೆಯದು ಮುಗಿದ ಮೇಲೆ ನನ್ನ ಮುಖವನ್ನೇ ನೋಡಿ ಹೇಳಿದಳು:

"ಆಯಿಲ್ ಯಾದಗಿರ್ಯಾಗ ತಗೋ ತಮ್ಮಾ. ಇಲ್ಲಿ ಊಟಕ್ಕ ಅಷ್ಟ ಬಾ."

ಮಾವ ನನ್ನ ಕಡೆ ತಿರುಗಲಿಲ್ಲ. ಅವಳನ್ನೇ ನೋಡುತ್ತಿದ್ದರು. ಆ ನೋಟ ನನಗೆ ಹಿಡಿಸಲಿಲ್ಲ.

ಈಗ ಇಂಜಿನ್ ಚೆನ್ನಾಗಿದೆ. ಶಹಾಪುರ ದಾಟುವಾಗಲೆಲ್ಲ ತಪ್ಪದೆ ಊಟಕ್ಕೆ ಇಳಿಯುತ್ತೇನೆ. ಅಕ್ಕ ರೊಟ್ಟಿ ಬಡಿಯುವಾಗ ಅವಳ ಮುಖ, ಕೈ, ದನಿ ಎಲ್ಲವನ್ನೂ ಪರೀಕ್ಷೆ ಮಾಡುತ್ತೇನೆ. "ನಾ ಆರಾಮ ಅದೀನೋ, ನೀ ಉಣ್ಣು" ಅನ್ನುತ್ತಾಳೆ. ನಾನು ನಂಬುವುದಿಲ್ಲ.