ಕಾಂತಪ್ಪ ಶೆಟ್ಟರ ರಜೆ
ಪುಣೆಯ ಸದಾಶಿವ ಪೇಠದ ಹೋಟೆಲ್ ಮಾಲೀಕ ಕಾಂತಪ್ಪ ಶೆಟ್ಟರು ಮೂವತ್ತು ವರ್ಷಗಳಲ್ಲಿ ಮೊದಲ ಸಲ ರಜೆ ಮಾಡಿ, ಬೇಸಿಗೆಯಲ್ಲಿ ಹೆಂಡತಿ ಲೀಲಾಕ್ಷಿಯೊಂದಿಗೆ ಯುರೋಪಿಗೆ ಹೋದರು. ಪ್ಯಾರಿಸ್ಸಿನಲ್ಲಿ ಎಲ್ಲರೂ ಗೋಪುರ ನೋಡುತ್ತಿದ್ದರೆ ಅವರು ಕೆಫೆಯ ಮಾಣಿಗಳ ಕೈಚಳಕ ನೋಡಿದರು. ರೋಮಿನ ಇಗರ್ಜಿಯೊಳಗೆ ನಿಂತು, "ಇಲ್ಲಿ ಇನ್ನೂರು ಟೇಬಲ್ ಹಾಕಬಹುದು" ಎಂದರು. ದಿನಕ್ಕೆ ಮೂರು ಸಲ ಪುಣೆಗೆ ಫೋನ್ ಮಾಡಿ ಸಾಂಬಾರಿನ ಹದ ವಿಚಾರಿಸದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಬರ್ಲಿನ್ನಿನಲ್ಲಿ ಲೀಲಾಕ್ಷಿಯ ತಂಗಿ ಯಶ್ಮಿತಾಳ ಮನೆಗೆ ಬಂದಾಗ, ಗಂಡಹೆಂಡತಿ ಎದುರುಬದುರಾಗಿ ಬೆಳಗಿನ ತಿಂಡಿಗೆ ಕೂತರು. ಶೆಟ್ಟರು ಅಕ್ಕರೆಯಿಂದ ಹೆಂಡತಿಯ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿ ಕದಡಿದರು. "ಭಾವ, ಅಕ್ಕ ಸಕ್ಕರೆ ಬಿಟ್ಟು ಹನ್ನೆರಡು ವರ್ಷ ಆಯ್ತಲ್ಲ ಮಾರಾಯ್ರೆ!" ಎಂದಳು ಯಶ್ಮಿತಾ. ಶೆಟ್ಟರ ಕೈ ನಿಂತುಹೋಯಿತು. "ಇರ್ಲಿ, ಇವತ್ತೊಂದು ದಿನ ಕುಡೀತೇನೆ" ಎಂದು ಲೀಲಾಕ್ಷಿ ಲೋಟಕ್ಕೆ ಕೈ ಚಾಚಿದಳು. ಅವರು ಕೊಡಲಿಲ್ಲ. ಲೋಟವನ್ನು ತಮ್ಮ ಕಡೆ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಮತ್ತೆ ಏನೆಲ್ಲ ಬಿಟ್ಟಿದ್ದೀ, ಹೇಳು."