ಕಾಡಿನಲ್ಲಿ ಒಂದೇ ಕೂಗು

ಹೋದ ತಿಂಗಳು ಸೊಸೆ ಶೈಲಾ ತನ್ನ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಲಕ್ಕವಳ್ಳಿ ಕಡೆಯ ನೆಂಟರ ಗೃಹಪ್ರವೇಶಕ್ಕೆ ಹೊರಟಳು. ಗೋಪಾಳದ ನಮ್ಮ ಮನೆಯಿಂದ ಭದ್ರಾವತಿ ದಾಟುವವರೆಗೆ ದಾರಿ ಅವಳಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಅವಳ ಫೋನಿನೊಳಗಿನ ಹೆಂಗಸು ದಾರಿ ಹೇಳತೊಡಗಿದಳು. ಆ ಹೆಂಗಸಿನ ಧ್ವನಿ ನೀವೂ ಕೇಳಿರುತ್ತೀರಿ. ಬೇಸರವಿಲ್ಲ, ಸಿಟ್ಟಿಲ್ಲ, ತಪ್ಪು ದಾರಿ ಹಿಡಿದರೂ ಬೈಯುವುದಿಲ್ಲ. ಎಡಕ್ಕೆ ಎಂದಳು, ಶೈಲಾ ತಿರುಗಿಸಿದಳು. ಬಲಕ್ಕೆ ಎಂದಳು, ತಿರುಗಿಸಿದಳು. ಡಾಂಬರು ಮುಗಿದು ಮಣ್ಣು ರಸ್ತೆ ಬಂತು, ಅದೂ ಮುಗಿದು ಬರೀ ಗಾಲಿಯ ಗುರುತು ಉಳಿಯಿತು. ಎರಡೂ ಕಡೆ ತೇಗ, ಅದರಾಚೆ ಬಿದಿರು. ಬಿಸಿಲು ನೆತ್ತಿಗೆ ಬಂದಿತ್ತು. ನೇರವಾಗಿ ಮುಂದೆ ಹೋಗಿ ಎಂದು ಆ ಹೆಂಗಸು ಮತ್ತೆ ನಯವಾಗಿ ಹೇಳಿದಾಗ ನಾನು ಶೈಲಾಳ ಮೊಣಕೈ ಹಿಡಿದೆ.

“ಶೈಲಾ, ನಿಲ್ಲಿಸು. ಇಷ್ಟು ನಯವಾಗಿ ಕರೆಯೋರ ಹಿಂದೆ ಹೋಗಬಾರದು.”

“ಅದು ಮಿಷನ್ನು ಅತ್ತೆ.”

“ಇರಬಹುದು. ಮನುಷ್ಯರಂತೂ ಅಲ್ಲ ಅಂತ ನೀನೇ ಹೇಳಿದೆಯಲ್ಲ.”

ಅವಳು ಕಾರು ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಯಾಕೆ ಎಂದು ಕೇಳಿದಳು. ಅರವತ್ತು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅಲ್ಲಿ ಕೂತು ಅವಳಿಗೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಬರವಣಿಗೆ ಓರೆಕೋರೆ ಇದ್ದರೆ ಅಲ್ಲಿಂದ ಮುಂದಕ್ಕೆ ಕಳಿಸದ ನಮ್ಮಪ್ಪನನ್ನು ಬೈದುಕೊಳ್ಳಿ.

ಓದದಿದ್ದರೂ ನಾನು ತಿರುಗಿದಷ್ಟು ದೇಶ ನಮ್ಮ ಓರಗಿತ್ತಿಯರು ಯಾರೂ ತಿರುಗಲಿಲ್ಲ. ನಮ್ಮ ಯಜಮಾನರಿಗೆ ಒಂದು ಲಾರಿ ಇತ್ತು. ಕಾಡಿನ ಬಿದಿರನ್ನು ಭದ್ರಾವತಿಯ ಕಾಗದದ ಕಾರ್ಖಾನೆಗೆ ಸಾಗಿಸುವ ಕೆಲಸ. ದುರ್ಗಿಗುಡಿಯ ಮನೆಯಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುತ್ತದೆ ಎಂದು ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದೆ. ಹಾಗಾದರೆ ಬಾ, ಅಡಿಗೆ ಮಾಡಿ ಹಾಕು ಎಂದರು. ಹೀಗೆ ಲಾರಿಯ ಮುಂದಿನ ಸೀಟಿನಲ್ಲಿ ಕೂತು ನಾನು ಜಿಲ್ಲೆ ಸುತ್ತಿದೆ. ಇದೊಂದು ವಿಚಿತ್ರ ಸೀಮೆ ನೋಡಿ. ಬೆಳಿಗ್ಗೆ ಮಲವಗೊಪ್ಪದ ಕಡೆ ಹೊರಟರೆ ಕಬ್ಬು, ಭತ್ತ, ಎತ್ತ ನೋಡಿದರೂ ಬಯಲು. ಚನ್ನಗಿರಿ ಕಡೆ ತಿರುಗಿದರೆ ಬಾಯಿಗೆ ಧೂಳು. ಅದೇ ದಿನ ತೀರ್ಥಹಳ್ಳಿ ಕಡೆ ಹೊರಟವರಿಗೆ ಮಂಡಗದ್ದೆ ಬರುವಷ್ಟರಲ್ಲಿ ಮೈಗೆ ಚಳಿ. ಬಯಲಲ್ಲಿ ಮನುಷ್ಯ ಮೈಲಿ ದೂರದಿಂದ ಕಾಣುತ್ತಾನೆ. ಕಾಡಿನಲ್ಲಿ ಕಣ್ಣು ಕೆಲಸಕ್ಕೆ ಬಾರದು. ಅಲ್ಲಿ ಎಲ್ಲ ಕಿವಿಯದೇ ಕಾರುಬಾರು.

ಕಿವಿಯ ವಿಷಯದಲ್ಲಿ ನಮ್ಮತ್ತೆಗೆ ದೊಡ್ಡ ಕಾನೂನು ಇತ್ತು. ಅವರು ಎರಡು ತಿಂಗಳಿಗೊಮ್ಮೆ, ಮಗನ ಊಟ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ನೋಡಲು, ನಮ್ಮ ಜೊತೆ ಲಾರಿ ಹತ್ತುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಎದೆಯಲ್ಲಿ ಉಬ್ಬಸ. ಅವರ ಕಾನೂನು ಇಷ್ಟು: ಕಾಡಿನಲ್ಲಿ ಯಾರೂ ಯಾರ ಹೆಸರನ್ನೂ ಕೂಗಕೂಡದು, ಕೂ ಎಂದು ಮಾತ್ರ ಕೂಗಬೇಕು. ಮೂರು ಸಲ ಕೇಳಿಸಿದರೆ ಮನುಷ್ಯರು, ಓಗೊಡಬೇಕು. ಒಂದೇ ಸಲ ಕೇಳಿಸಿದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಯಾಕೆಂದರೆ ಅದಕ್ಕೆ ಉಸಿರು ಒಂದೇ. ಅದು ಯಾವುದು ಎಂದು ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ.

ಮೊದಲ ವರ್ಷ ನನಗೆ ಇದು ತಮಾಷೆ. ಮಂಡಗದ್ದೆಯ ಹತ್ತಿರ ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಮೇಲಿನಿಂದ ಕೂ ಎಂದು ಒಂದು ಸಲ ಕೇಳಿಸಿತು. ಹೊಸ ಸೊಸೆ ನೋಡಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡಿದ್ದ ಕಾಲ. ಬಂದೆ ಅತ್ತೆ ಎಂದು ರಾಗವಾಗಿ ಹೇಳಿ ಓಡಿ ಹೋದೆ. ಅತ್ತೆ ಲಾರಿಯ ನೆರಳಿನಲ್ಲಿ ನಿದ್ದೆ ಮಾಡುತ್ತಿದ್ದರು. ಎಬ್ಬಿಸಿ ಕೇಳಿದ್ದಕ್ಕೆ, ತಾನು ಕೂಗಿಲ್ಲ ಎಂದರು. ಎದ್ದು ಕೂತರು.

“ಓಗೊಟ್ಟೆಯಾ?”

“ಕೊಟ್ಟೆ.”

“ಮಾರಾಯ್ತಿ, ಧ್ವನಿ ಕೊಟ್ಟು ಬಂದೆಯಲ್ಲ.”

ನಾನು ನಕ್ಕು ಮರೆತೆ. ಆರೇಳು ವರ್ಷ ಹೀಗೇ ಹೋಯಿತು. ಬಾಯಲ್ಲಿದ್ದ ಬೆಲ್ಲ ಅಷ್ಟರೊಳಗೆ ಕರಗಿತ್ತು. ಅದು ಹೇಗೆ ಕರಗಿತು ಎಂದು ಕೇಳಬೇಡಿ. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರನ್ನು ಕೂರಿಸಿ ನೋಡಿ, ಗೊತ್ತಾಗುತ್ತದೆ. ಅವರು ಒಂದು ಹೇಳಿದರೆ ನಾನು ಎರಡು ಹೇಳುತ್ತಿದ್ದೆ. ಅವರನ್ನು ಅತ್ತೆ ಎಂದು ಕರೆಯುವುದನ್ನೂ ಬಿಟ್ಟಿದ್ದೆ. ಊಟಕ್ಕೆ ಕರೆಯಬೇಕಾದರೆ ತಟ್ಟೆ ಸದ್ದು ಮಾಡುತ್ತಿದ್ದೆ.

ಆ ದಿನದ ಮಾತಿಗೆ ಬರುತ್ತೇನೆ. ಭದ್ರೆಗೆ ಅಣೆಕಟ್ಟೆ ಕಟ್ಟಿ, ಹಿಂದೆ ನೀರು ನಿಂತ ಹೊಸದು. ಶಿವರಾತ್ರಿ ಹತ್ತಿರ ಬಂದಿತ್ತು. ಹಿನ್ನೀರಿನ ಆಸುಪಾಸಿನ ಕಾಡಿನಲ್ಲಿ ಬಿದಿರು ಕಡಿಯುತ್ತಿದ್ದರು. ಸೀಗೆಕಾಯಿ ಬಲಿಯುವ ಕಾಲವೂ ಅದೇ. ವರ್ಷಕ್ಕಾಗುವಷ್ಟು ಕಿತ್ತುಕೊಂಡು ಬರೋಣ ಎಂದು ಅತ್ತೆಯೂ ಚೀಲ ಹಿಡಿದು ಬಂದರು. ಬೆಳಿಗ್ಗೆ ಬಿದಿರು ಹೇರುವ ಆಳುಗಳ ಎದುರು ನನ್ನ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದನ್ನು ತಿನ್ನೋದಕ್ಕಿಂತ ಒಲೆಗೆ ಹಾಕಿದರೆ ಬೆರಣಿ ಉಳಿಯುತ್ತೆ ಎಂದರು. ಅಷ್ಟೂ ಜನ ನಕ್ಕರು. ಯಜಮಾನರೂ ನಕ್ಕರು. ರೊಟ್ಟಿ ಸ್ವಲ್ಪ ದಪ್ಪವಾಗಿತ್ತು, ಸುಳ್ಳೇಕೆ ಹೇಳಲಿ. ಆದರೂ ನನಗೆ ಮೈಯೆಲ್ಲ ಉರಿಯಿತು. ಸೀಗೆಯ ಮೆಳೆಗೆ ಹೋದ ಮೇಲೆ ಬೇಕೆಂದೇ ಅವರಿಂದ ದೂರ ದೂರ ಸರಿಯುತ್ತ ಹೋದೆ.

ನಡುಮಧ್ಯಾಹ್ನವಾಯಿತು. ಕತ್ತಲೆಯಲ್ಲಿ ಭಯವಾಗುತ್ತದೆ ಎನ್ನುತ್ತಾರೆ. ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ, ಅದಕ್ಕೆ ಭಯ, ಅದು ಸರಿ. ಕಾಡಿನ ಮಧ್ಯಾಹ್ನದಲ್ಲಿ ಎಲ್ಲ ಕಾಣುತ್ತದೆ. ಒಂದೊಂದು ಎಲೆ, ಎಲೆಯ ಮೇಲಿನ ಇರುವೆ, ಎಲ್ಲ. ಆದರೆ ಯಾವುದೂ ಅಲ್ಲಾಡುವುದಿಲ್ಲ. ಆಳುಗಳು ಊಟಕ್ಕೆ ಕೂತಿರಬೇಕು, ಕತ್ತಿಯ ಸದ್ದು ನಿಂತಿತು. ಆಮೇಲೆ ಜೀರುಂಡೆಗಳು, ಯಾರೋ ಬಾಯಿ ಮುಚ್ಚಿದ ಹಾಗೆ, ಒಟ್ಟಿಗೆ ನಿಂತವು. ನಾನು ಒಂದು ಮತ್ತಿ ಮರಕ್ಕೆ ಒರಗಿ ಕೈಗೆ ಚುಚ್ಚಿದ್ದ ಸೀಗೆ ಮುಳ್ಳು ತೆಗೆಯುತ್ತಿದ್ದೆ.

ಆಗ ಕೂ ಎಂದು ಕೇಳಿಸಿತು. ಒಂದೇ ಸಲ.

ಆ ಕೂಗಿನ ಕೊನೆಗೆ ಕುಲುಮೆಯ ಹರಿದ ತಿದಿ ಒತ್ತಿದ ಹಾಗೆ ಒಂದು ಕುಯ್ ಇತ್ತು. ಉಬ್ಬಸ. ಆ ಸದ್ದನ್ನು ನಾನು ಏಳು ವರ್ಷ ಗೋಡೆಯಾಚೆಯಿಂದ ಕೇಳಿದವಳು. ದೆವ್ವಕ್ಕೆಲ್ಲಿಯ ಉಬ್ಬಸ? ಅತ್ತೆಗೇ ದಾರಿ ತಪ್ಪಿದೆ, ಮೂರು ಸಲ ಕೂಗುವಷ್ಟು ಉಸಿರಿಲ್ಲ, ನನಗೆ ಅದು ಆ ಕ್ಷಣದಲ್ಲೇ ತಿಳಿಯಿತು. ತಿಳಿದೂ ಸುಮ್ಮನೆ ಕೂತೆ. ಒಂದು ಕೂಗಿಗೆ ಓಗೊಡಬಾರದು ಎಂದು ಕಾನೂನು ಮಾಡಿದವರು ಅವರೇ ತಾನೆ, ಅನುಭವಿಸಲಿ ಎಂದುಕೊಂಡೆ. ಇನ್ನೆರಡು ಕೂಗು ಬರಲಿ ಎಂದು ಕಾದೆ. ಬರಲಿಲ್ಲ. ಮುಳ್ಳು ತೆಗೆದು ಮುಗಿಸಿ, ಸೀಗೆಕಾಯಿ ಚೀಲ ಹೊತ್ತು, ನಿಧಾನವಾಗಿ ಲಾರಿಗೆ ವಾಪಸು ಬಂದೆ.

ಅತ್ತೆ ಬಂದಿರಲಿಲ್ಲ. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ಯಜಮಾನರು ಮೂರು ಮೂರು ಸಲ ಕೂಗಿ ಗಂಟಲು ಹರಿದುಕೊಂಡರು. ಆಳುಗಳು ನಾಲ್ಕು ದಿಕ್ಕಿಗೆ ಹೋದರು. ನೀನೇನಾದರೂ ಕೇಳಿಸಿಕೊಂಡೆಯಾ ಎಂದು ಯಜಮಾನರು ಕೇಳಿದಾಗ ಇಲ್ಲ ಎಂದೆ. ಈ ಮುದುಕಿ ಸತ್ತರೆ ನಾನೇ ಕೊಂದ ಹಾಗೆ ಎಂದು ಆಗ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು. ನನ್ನ ಬುದ್ಧಿ ಯಾವಾಗಲೂ ಕಾಲಿನ ಹಿಂದೆ ಬರುವಂಥದ್ದು.

ಬಿಸಿಲು ಇಳಿಯುವ ಹೊತ್ತಿಗೆ ಬಿದಿರು ಕಡಿಸುವ ಮೇಸ್ತ್ರಿ ಮುನಿಸ್ವಾಮಿ ಅತ್ತೆಯ ಕೈ ಹಿಡಿದುಕೊಂಡು ಬಂದ. ಭದ್ರಾವತಿಯ ತಮಿಳಿನವನು, ಮಾತು ಕಡಿಮೆ. ಅತ್ತೆಯ ಸೀರೆ ಸೊಂಟದವರೆಗೆ ಒದ್ದೆ. ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಎರಡು ಮೈಲಿ ದೂರದಲ್ಲಿ, ಮುಳುಗಿ ಸತ್ತ ಮರಗಳು ಬೋಳಾಗಿ ನಿಂತಿದ್ದ ಹಿನ್ನೀರಿನೊಳಗೆ, ಅವರು ಒಂದೊಂದೇ ಹೆಜ್ಜೆ ಇಡುತ್ತಿದ್ದರಂತೆ.

“ನಾನು ಕೂಗ್ಲಿಲ್ಲ ಸಾಮಿ,” ಎಂದು ಮುನಿಸ್ವಾಮಿ ನಮ್ಮ ಯಜಮಾನರಿಗೆ ಹೇಳಿದ. “ಅಮ್ಮ ಯಾರ ಹತ್ರಾನೋ ಮಾತಾಡ್ಕೊಂಡು ಹೋಗ್ತಾ ಇದ್ರು. ಸುಮ್ನೆ ಹಿಂದಿಂದ ಹೋಗಿ ಕೈ ಹಿಡ್ಕೊಂಡೆ.”

ಲಾರಿ ಹೊರಟಿತು. ನಾನು ನಡುವೆ, ಅತ್ತೆ ಬಾಗಿಲ ಕಡೆ. ಉಂಬ್ಳೇಬೈಲು ದಾಟಿದೆವು. ಆಮೇಲೆ ಅತ್ತೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಕೇಳಿದರು.

“ಯಾಕೆ ಮಾರಾಯ್ತಿ ಅಷ್ಟು ದೂರ ಕರ್ಕೊಂಡು ಹೋದೆ?”

ಅವರು ಹೇಳಿದ್ದು ಇಷ್ಟು. ದಾರಿ ತಪ್ಪಿದಾಗ ಒಂದು ಸಲ ಕೂಗಿದರಂತೆ. ನಾನು ತಕ್ಷಣ ಬಂದೆ ಅತ್ತೆ ಎಂದೆನಂತೆ. ಧ್ವನಿ ಬಂದ ಕಡೆ ನಡೆದರಂತೆ. ನಾನು ಕಾಣಲಿಲ್ಲ, ಆದರೆ ಸ್ವಲ್ಪ ಮುಂದಿನಿಂದ ಮತ್ತೆ ಕರೆದೆನಂತೆ. ನಿಧಾನ ಬನ್ನಿ ಅತ್ತೆ, ಕಾಲು ನೋಡ್ಕೊಳ್ಳಿ ಅತ್ತೆ, ಅಲ್ಲಿ ಮುಳ್ಳಿದೆ ಅತ್ತೆ. ದಾರಿಯುದ್ದಕ್ಕೂ ಹೀಗೇ. ಕೊನೆಗೆ ನೀರಿನೊಳಗಿಂದ, ಇಲ್ಲಿ ತಂಪಾಗಿದೆ ಬನ್ನಿ ಎಂದೆನಂತೆ.

ಅಮ್ಮನಿಗೆ ಬಿಸಿಲು ತಲೆಗೆ ಹತ್ತಿದೆ ಎಂದು ಯಜಮಾನರು ಕಣ್ಣಲ್ಲೇ ನನಗೆ ಸನ್ನೆ ಮಾಡಿದರು. ನಾನು ರಸ್ತೆ ನೋಡುತ್ತ ಕೂತೆ. ಓಗೊಟ್ಟಿದ್ದು ನಾನಲ್ಲ ಎಂದರೆ, ನೀನೆಲ್ಲಿದ್ದೆ, ನಿನಗೆ ಕೂಗು ಕೇಳಿಸಲಿಲ್ಲವೇ ಎಂಬ ಮಾತು ಬರುತ್ತದೆ. ಒಂದು ಸುಳ್ಳು ಆಗಲೇ ಹೇಳಿಯಾಗಿತ್ತು. ಅದರ ಮೇಲೆ ಬಾಯಿ ಮುಚ್ಚಿಕೊಂಡದ್ದು ಎರಡನೆಯ ಸುಳ್ಳು. ದೂರದಲ್ಲಿ ಕಾರ್ಖಾನೆಯ ಹೊಗೆ ಕಂಡಿತು. ಮಂಡಗದ್ದೆಯ ಹೊಳೆ ಆಗ ನೆನಪಾಯಿತು. ಆ ಧ್ವನಿ ನನ್ನದೇ, ಅಲ್ಲಿ ಕೊಟ್ಟು ಬಂದದ್ದು. ಆದರೆ ನಾನು ಆ ಧ್ವನಿಯಲ್ಲಿ ಮಾತಾಡದೆ ವರ್ಷಗಳಾಗಿದ್ದವು.

ಆ ದಿನದಿಂದ ಅತ್ತೆ ಬದಲಾದರು. ನನ್ನ ರೊಟ್ಟಿಯನ್ನು ಮಾತಿಲ್ಲದೆ ತಿಂದರು. ನೆಂಟರ ಮುಂದೆ, ಇವಳ ಬಾಯಿ ಒರಟು, ಆದ್ರೆ ಕಷ್ಟಕ್ಕೆ ಓಗೊಡ್ತಾಳೆ ಎಂದು ಹೊಗಳಿದರು. ಬೇರೆಯವಳು ದುಡಿದದ್ದನ್ನು ನಾನು ಕೂತು ಉಂಡ ಹಾಗಿತ್ತು. ಇನ್ನೊಂದು ವಿಷಯ. ಮಧ್ಯಾಹ್ನ ದುರ್ಗಿಗುಡಿಯ ಬೀದಿ ಮಲಗಿದಾಗ ಅವರು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಕಿವಿಯ ಮೇಲಿನ ಸೆರಗು ಹಿಂದಕ್ಕೆ ತಳ್ಳಿಕೊಂಡು. ಒಂದು ದಿನ ನಾನು ಪಾತ್ರೆ ತರಲು ಹೋದಾಗ ಅವರು ಯಾರೂ ಇಲ್ಲದ ಬಾವಿಕಟ್ಟೆಯ ಕಡೆ ನೋಡುತ್ತ, ಹೂಂ, ನಿಧಾನವಾಗೇ ಬರ್ತೀನಿ ಎನ್ನುತ್ತಿದ್ದರು. ಅವತ್ತಿನಿಂದ ನಾನು ಮಧ್ಯಾಹ್ನ ನಿದ್ದೆ ಮಾಡುವುದನ್ನು ಬಿಟ್ಟೆ. ಬಾವಿಗೆ ಹಲಗೆ ಹಾಕಿಸಿದೆ. ಅವರ ಪಕ್ಕದಲ್ಲಿ ಅಕ್ಕಿ ಆರಿಸುತ್ತ, ಪಾತ್ರೆ ಕುಟ್ಟುತ್ತ, ಬೇಕಾದ್ದಕ್ಕಿಂತ ಜಾಸ್ತಿ ಸದ್ದು ಮಾಡುತ್ತ ಕೂರುತ್ತಿದ್ದೆ. ಪ್ರೀತಿಯಿಂದಲ್ಲ. ಇನ್ನೊಂದು ಸಲ ನನ್ನ ಧ್ವನಿಯ ಹಿಂದೆ ಅವರು ಹೋಗಬಾರದು, ಅಷ್ಟೆ.

ನಾಲ್ಕು ವರ್ಷ ಹಾಗೆ ಕಾವಲು ಕೂತೆ. ಕೊನೆಗೆ ಅವರು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಪಕ್ಕಕ್ಕೆ ಸರಿಸಿದರು.

“ಅವತ್ತು ಕಾಡಲ್ಲಿ ಓಗೊಟ್ಟಿದ್ದು ನೀನಲ್ಲ.”

“ಅಲ್ಲ.”

“ನನ್ನ ಕೂಗು ಕೇಳಿಸಿತ್ತು ನಿನಗೆ.”

“ಕೇಳಿಸಿತ್ತು. ನೀವೇ ಅಂತಾನೂ ಗೊತ್ತಿತ್ತು.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀನಲ್ಲ ಅಂತ ನನಗೆ ಅಲ್ಲೇ ಗೊತ್ತಾಗಿತ್ತು,” ಎಂದರು. “ನೀನು ಯಾವತ್ತು ಅಷ್ಟು ನಯವಾಗಿ ಮಾತಾಡಿದ್ದೆ?”

“ಗೊತ್ತಾಗಿದ್ರೂ ಯಾಕೆ ಹೋದ್ರಿ?”

“ಕೇಳೋಕೆ ಚೆನ್ನಾಗಿತ್ತು ಕಣೇ.” ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. “ಒಂದು ಸಲ ನೀನು ಹಾಗೆ ಅನ್ನು, ನೋಡೋಣ.”

ನಾನು ಅಂದೆ. ಬಂದೆ ಅತ್ತೆ ಎಂದೆ. ನನ್ನ ಗಂಟಲು ನಿಮಗೆ ಗೊತ್ತಿಲ್ಲ. ಲಾರಿಯ ಸದ್ದಿನ ಮೇಲೆ ಕೂಗಿ ಕೂಗಿ ಕೆಟ್ಟದ್ದು. ಜಲ್ಲಿ ಸುರಿದ ಹಾಗೆ ಕೇಳಿಸಿತು. ಅವರು ತಲೆ ಅಲ್ಲಾಡಿಸಿದರು.

“ಬಿಡು. ಅದು ಅವಳಿಗೇ ಸರಿ. ಗಂಜಿ ಕುಡಿಸು.”

ಎರಡು ದಿನ ಬಿಟ್ಟು ತೀರಿಕೊಂಡರು.

ಶೈಲಾ ಇಷ್ಟನ್ನೂ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಮಧ್ಯೆ ಪ್ರಶ್ನೆ ಕೇಳುವ ಚಾಳಿ ಅವಳದು. ಅವತ್ತು ಕೇಳಲಿಲ್ಲ. ಫೋನನ್ನು ಆರಿಸಿ ಚೀಲಕ್ಕೆ ಹಾಕಿದಳು. ಕಾರನ್ನು ಹಿಂದಕ್ಕೆ ತೆಗೆದು, ದನ ಕಾಯುವವನೊಬ್ಬನನ್ನು ಕೇಳಿ, ಅವನಿಂದ ಎರಡು ಮಾತು ಬೈಸಿಕೊಂಡು ಸರಿಯಾದ ರಸ್ತೆ ಹಿಡಿದಳು. ಊಟಕ್ಕೆ ಮಾತ್ರ ತಡವಾಯಿತು.

ಸಂಜೆ ಮನೆಗೆ ಬಂದ ಮೇಲೆ ಹಜಾರದಲ್ಲಿ ಕೂತು ನೀರು ಬೇಕೆಂದು ಒಂದು ಸಲ ಕೂಗಿದೆ. ಸಾಮಾನ್ಯವಾಗಿ ಅವಳು, ಕೈ ಖಾಲಿ ಇಲ್ಲ, ಇರಿ, ಎಂದು ಸಿಡುಕುತ್ತಾಳೆ. ಆ ಸಂಜೆ ಅಡಿಗೆಮನೆಯಿಂದ ಬಹಳ ಮೃದುವಾಗಿ ಕೇಳಿಸಿತು: “ಬಂದೆ ಅತ್ತೆ.”

ಮುದುಕಿಯ ಕಥೆ ಕೇಳಿ ಹುಡುಗಿಯ ಮನಸ್ಸು ಕರಗಿರಬೇಕು, ಅಷ್ಟೇ ಇರಬೇಕು. ನಾನು ಮಾತ್ರ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು, ಅಡಿಗೆಮನೆಯ ಬಾಗಿಲಿನಿಂದ ಕಣ್ಣು ಕೀಳದೆ ಕೂತೆ. ಅವಳು ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಬಾಯಿ ತೆರೆಯುವ ಮೊದಲೇ ಹೇಳಿದೆ.

“ಇನ್ನೊಂದು ಸಲ ಹಾಗೆ ಓಗೊಡಬೇಡ. ಬೈದುಕೊಂಡೇ ಬಾ.”

ಅವಳು ನನ್ನನ್ನು ದುರುಗುಟ್ಟಿ ನೋಡಿ, ನಿಮಗೆ ಯಾವುದು ಮಾಡಿದರೂ ಕಷ್ಟ ಎಂದು, ಲೋಟವನ್ನು ಟಪ್ಪೆಂದು ಮೇಜಿನ ಮೇಲಿಟ್ಟಳು. ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ಇದು ನಮ್ಮ ಶೈಲಾಳೇ ಎಂದು ಗಟ್ಟಿಯಾದ ಮೇಲೆ ಉಳಿದದ್ದನ್ನು ಕುಡಿದೆ.